ದ್ರಾಕ್ಷಿ, ದಾಳಿಂಬೆ ಸಾಗಿಸಲು ಹಳೆಯ ಟ್ರೇಲರಿಗೆ ರೀಫರ್ ಪೆಟ್ಟಿಗೆ ಕಟ್ಟಿಸುವಾಗ ಯಾವ ಮಷಿನ್ ಹಾಕಿಸಬೇಕು?

ಜಮಖಂಡಿ ಕಡೆಯ ದಾಳಿಂಬೆಯನ್ನೂ ತಿಕೋಟಾ ಭಾಗದ ದ್ರಾಕ್ಷಿಯನ್ನೂ ಬೆಂಗಳೂರಿಗೆ ಒಯ್ಯಲು ಹಳೆಯ ಟ್ರೇಲರ್ ಚಾಸಿಯ ಮೇಲೆ ರೀಫರ್ ಪೆಟ್ಟಿಗೆ (ಒಳಗೆ ತಂಪು ಉಳಿಸುವ ಮಷಿನ್ ಇರುವ ಸರಕು ಪೆಟ್ಟಿಗೆ) ಕಟ್ಟಿಸುತ್ತಿರುವುದಾಗಿ ಬರೆದು, ಯಾವ ಮಷಿನ್ ಹಾಕಿಸಿದರೆ ಹಣ್ಣು ಕೆಡುವುದಿಲ್ಲ ಎಂದು ಕೇಳಿದ್ದೀರಿ. ವಿಜಯಪುರದಿಂದ ಎರಡು ರೀಫರ್ ಗಾಡಿ ಓಡಿಸುತ್ತಿರುವ ನಾನು ಇದೇ ಪ್ರಶ್ನೆಯಿಂದಲೇ ಆರಂಭಿಸಿ, ಮಷಿನ್ ಮೊದಲು ಕೊಂಡು, ಉಳಿದ ಹಣದಲ್ಲಿ ಪೆಟ್ಟಿಗೆ ಕಟ್ಟಿಸಿ ಕೈ ಸುಟ್ಟುಕೊಂಡವನು. ಆದ್ದರಿಂದ ಮಷಿನ್ ವಿಚಾರವನ್ನು ಸ್ವಲ್ಪ ಹಿಂದಕ್ಕೆ ಇಟ್ಟು ಹೇಳುತ್ತೇನೆ.

ರೀಫರ್ ಮಷಿನ್ ಇರುವುದು ತಂಪಾದ ಹಣ್ಣನ್ನು ತಂಪಾಗಿಯೇ ಉಳಿಸುವುದಕ್ಕೆ. ಬಿಸಿ ಹಣ್ಣನ್ನು ತಣಿಸುವುದಕ್ಕಲ್ಲ. ಹತ್ತು ಟನ್ ದ್ರಾಕ್ಷಿಯನ್ನು 32 ಡಿಗ್ರಿಯಿಂದ 2 ಡಿಗ್ರಿಗೆ ಇಳಿಸಬೇಕಾದರೆ ಸುಮಾರು 300 ಯೂನಿಟ್ ಕರೆಂಟಿಗೆ ಸಮನಾದ ಶಾಖವನ್ನು ಹೊರಹಾಕಬೇಕಾಗುತ್ತದೆ. 10 ಕಿಲೋವ್ಯಾಟ್ ತಂಪು ಕೊಡುವ ಮಷಿನಿಗೆ ಅಷ್ಟಕ್ಕೇ 30 ಗಂಟೆ ಬೇಕು. ಗೋಡೆಯಿಂದ ಒಳಬರುವ ಬಿಸಿಯನ್ನೂ ಹಣ್ಣಿನ ಉಸಿರಾಟದಿಂದ ಹುಟ್ಟುವ ಬಿಸಿಯನ್ನೂ ನಾನಿಲ್ಲಿ ಲೆಕ್ಕಕ್ಕೇ ಹಿಡಿದಿಲ್ಲ. ಬೆಂಗಳೂರು ಒಂದು ರಾತ್ರಿಯ ದಾರಿ. ಅಂದರೆ ತೋಟದಿಂದ ನೇರವಾಗಿ ತುಂಬಿದ ಮಾಲು ತಣಿಯುವ ಮೊದಲೇ ಮಾರುಕಟ್ಟೆ ಮುಟ್ಟಿರುತ್ತದೆ. ಹತ್ತಿರದಲ್ಲಿ ಹಣ್ಣನ್ನು ಗಾಡಿಗೆ ತುಂಬುವ ಮೊದಲೇ ತಣಿಸುವ ಪ್ರಿಕೂಲಿಂಗ್ ಕೋಣೆ ಇರುವ ಕೋಲ್ಡ್ ಸ್ಟೋರೇಜ್ ಯಾವುದು, ಬಾಡಿಗೆ ಎಷ್ಟು ಎಂಬುದನ್ನು ಮಷಿನಿನ ಕೊಟೇಶನ್ ತರಿಸುವ ಮೊದಲೇ ವಿಚಾರಿಸಿಕೊಳ್ಳಿ.

ಇನ್ನು ಪೆಟ್ಟಿಗೆ. ಏಪ್ರಿಲ್‌ನಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಒಳಗೆ ಸೊನ್ನೆಯ ಹತ್ತಿರ ಇರಬೇಕು. ಈ ಅಂತರವನ್ನು ತಡೆಯುವುದು ಗೋಡೆಯೊಳಗಿನ ಪಫ್ (ಬಿಸಿ ತಡೆಯುವ ಗಟ್ಟಿ ನೊರೆಯ ಪದರ) ಮಾತ್ರ. ಹಣ್ಣಿಗಷ್ಟೇ ಸಾಕು ಎಂದು 60 ಮಿಲಿಮೀಟರ್ ಪ್ಯಾನೆಲ್ ತೋರಿಸುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಗೋಡೆಗೆ 80, ಛಾವಣಿಗೆ 100 ಹಾಕಿಸುವುದು ಲೇಸು. ಮುಂದೆ ಐಸ್‌ಕ್ರೀಮ್‌ನಂಥ ಮಾಲು ಹಿಡಿಯುವ ಆಸೆಯಿದ್ದರೆ ಸುತ್ತಲೂ 100. ದಪ್ಪಕ್ಕಿಂತ ಹೆಚ್ಚು ಮೋಸ ಹೋಗುವುದು ಜೋಡಣೆಗಳಲ್ಲಿ. ಕಬ್ಬಿಣದ ಬೋಲ್ಟು ಗೋಡೆಯ ಆಚೆಯಿಂದ ಈಚೆಗೆ ಹಾಯ್ದಿದ್ದರೆ ಬಿಸಿ ಅದರ ಮೂಲಕವೇ ಒಳಗೆ ಬರುತ್ತದೆ, ನೀರೂ ಅದೇ ದಾರಿ ಹಿಡಿಯುತ್ತದೆ, ಒಮ್ಮೆ ನೀರು ಕುಡಿದ ಪಫ್ ಮತ್ತೆ ಕೆಲಸಕ್ಕೆ ಬಾರದು. ಗಾಡಿ ಕೈಗೆ ತೆಗೆದುಕೊಳ್ಳುವ ದಿನ ಮಟಮಟ ಮಧ್ಯಾಹ್ನ ಒಳಗೆ ಹೋಗಿ, ನಂಬಿಗಸ್ತರೊಬ್ಬರನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿಸಿಕೊಳ್ಳಿ. ಎಲ್ಲಿಯಾದರೂ ಬೆಳಕಿನ ಎಳೆ ಕಂಡರೆ ಹಣ ಕೊಡಬೇಡಿ. ಆಮೇಲೆ ಬಾಗಿಲಿನ ರಬ್ಬರಿನ ನಡುವೆ ಹತ್ತು ರೂಪಾಯಿ ನೋಟು ಸಿಕ್ಕಿಸಿ, ಬಾಗಿಲು ಮುಚ್ಚಿ ಎಳೆದು ನೋಡಿ. ಸಲೀಸಾಗಿ ಬಂದರೆ ಅಲ್ಲಿ ರಬ್ಬರ್ ಹಿಡಿದಿಲ್ಲ.

ಗಾಳಿಯ ದಾರಿಯ ವಿಷಯದಲ್ಲಿ ನನಗಾದದ್ದನ್ನು ಹೇಳಿಬಿಡುತ್ತೇನೆ. ನನ್ನ ಮೊದಲ ಪೆಟ್ಟಿಗೆಯ ನೆಲ ಸಪಾಟಾಗಿತ್ತು. ಮಾರ್ಚ್‌ನಲ್ಲಿ ಮಧ್ಯಾಹ್ನ ಕೊಯ್ದ ದ್ರಾಕ್ಷಿಯನ್ನು ನೆಲದಿಂದ ಛಾವಣಿಯವರೆಗೆ ಸಂದಿಲ್ಲದಂತೆ ಪೇರಿಸಿದೆವು. ಪೆಟ್ಟಿಗೆಯ ಮುಂಭಾಗದ ತಾಪಮಾನದ ಮೀಟರು ರಾತ್ರಿಯಿಡೀ 2 ಡಿಗ್ರಿ ತೋರಿಸುತ್ತಲೇ ಇತ್ತು. ಬೆಂಗಳೂರಿನಲ್ಲಿ ಬಾಗಿಲು ತೆಗೆದಾಗ ಮುಖಕ್ಕೆ ಬಡಿದದ್ದು ಹುಳಿ ವಾಸನೆಯ ಬಿಸಿ ಆವಿ. ಹಿಂದಿನ ಬಾಕ್ಸುಗಳು ನೀರಿಳಿದು ಕುಸಿದಿದ್ದವು, ಗೊನೆ ಎತ್ತಿದರೆ ಮಣಿಗಳು ಉದುರುತ್ತಿದ್ದವು; ಮುಂದಿನ ಮೇಲ್ಸಾಲಿನಲ್ಲಿ ಮಾತ್ರ ಮಣಿಗಳು ಹೆಪ್ಪುಗಟ್ಟಿ ಗಾಜಿನಂತಾಗಿದ್ದವು. ತಣ್ಣನೆಯ ಗಾಳಿ ಹಿಂದಕ್ಕೆ ಹೋಗಲು ಜಾಗವಿಲ್ಲದೆ ಮುಂದಿನ ಸಾಲಿಗೆ ಬಡಿದು ಅಲ್ಲಿಂದಲೇ ಮಷಿನಿಗೆ ಮರಳುತ್ತಿತ್ತು, ಮೀಟರು ಓದುತ್ತಿದ್ದದ್ದು ಆ ಗಾಳಿಯನ್ನೇ. ಆದ್ದರಿಂದ ಉದ್ದುದ್ದ ಕಾಲುವೆಗಳಿರುವ ಅಲ್ಯೂಮಿನಿಯಂ ಟಿ-ಫ್ಲೋರ್, ಛಾವಣಿಗೆ ಗಾಳಿಯನ್ನು ಹಿಂದಿನವರೆಗೆ ಒಯ್ಯುವ ಬಟ್ಟೆಯ ಚೀಲ, ಮುಂಗೋಡೆಗೆ ವಾಪಸು ಗಾಳಿಗಾಗಿ ಜಾಲರಿಯ ತಡೆ, ಈ ಮೂರನ್ನು ಬಿಡಬೇಡಿ. ಛಾವಣಿಯ ಕೆಳಗೆ ಒಂದು ಗೇಣಿನಷ್ಟು ಜಾಗ ಬಿಟ್ಟು ಕೆಂಪು ಗೆರೆ ಎಳೆಸಿ, ಹಮಾಲರಿಗೆ ಅದನ್ನು ತೋರಿಸಿ.

ಮಷಿನಿಗೆ ಬಂದರೆ, ಟ್ರೇಲರಿಗೆ ಸ್ವಂತ ಡೀಸೆಲ್ ಎಂಜಿನ್ ಇರುವ ಮಷಿನೇ ಬೇಕು, ಏಕೆಂದರೆ ಲಾರಿ ಎಂಜಿನ್ನಿನಿಂದ ನಡೆಯುವಂಥದ್ದು ಟ್ರೇಲರ್ ಬಿಚ್ಚಿ ನಿಲ್ಲಿಸಿದ ಕ್ಷಣವೇ ನಿಂತುಹೋಗುತ್ತದೆ. ನಿಂತಲ್ಲಿ ಕರೆಂಟಿನಿಂದ ಓಡಿಸುವ ತ್ರೀಫೇಸ್ ಜೋಡಣೆಯೂ ಇರಲಿ. ಆದರೆ ಪಂಪ್‌ಸೆಟ್ ಲೈನಿನಲ್ಲಿ ತ್ರೀಫೇಸ್ ದಿನವಿಡೀ ಇರುವುದಿಲ್ಲವಾದ್ದರಿಂದ ತೋಟದಲ್ಲಿ ಅದನ್ನು ನೆಚ್ಚಿ ಕೂರಬೇಡಿ. ತಾಜಾ ಹಣ್ಣಿಗೆ ಮಷಿನನ್ನು ಬಿಟ್ಟುಬಿಟ್ಟು ಓಡುವ ಕ್ರಮದಲ್ಲಿಡದೆ ಸತತವಾಗಿ ಓಡಿಸಬೇಕು. ಕಂಪನಿಯ ಹೆಸರಿಗಿಂತ, ನಿಮ್ಮ ದಾರಿಯಲ್ಲಿ ಅದರ ಮೆಕ್ಯಾನಿಕ್ ಎಲ್ಲಿ ಸಿಗುತ್ತಾನೆ ಎಂಬುದೇ ನನಗೆ ಮುಖ್ಯ.

ನೀವು ಹೇಳಿದ ಎರಡು ಹಣ್ಣುಗಳನ್ನು ಒಂದೇ ಟ್ರಿಪ್ಪಿನಲ್ಲಿ ಹೇರುವ ಯೋಚನೆಯಿದ್ದರೆ ಬಿಟ್ಟುಬಿಡಿ. ದ್ರಾಕ್ಷಿಗೆ ಸೊನ್ನೆಯ ಆಸುಪಾಸು ಬೇಕು, ದಾಳಿಂಬೆಗೆ 5ರಿಂದ 7 ಡಿಗ್ರಿ. ಇಂಡಿ ತಾಲ್ಲೂಕಿನ ಲಿಂಬೆಯನ್ನಂತೂ ದ್ರಾಕ್ಷಿಯ ತಂಪಿನಲ್ಲಿಟ್ಟರೆ ಸಿಪ್ಪೆಯ ಮೇಲೆ ಕಂದು ಗುಳಿಗಳೇಳುತ್ತವೆ. ಬೂಷ್ಟು ಹಿಡಿಯದಂತೆ ದ್ರಾಕ್ಷಿ ಬಾಕ್ಸಿನಲ್ಲಿಡುವ ಗ್ರೇಪ್ ಗಾರ್ಡ್ ಹಾಳೆಯಿಂದ ಹೊರಡುವ ಗಂಧಕದ ಅನಿಲವೂ ಬೇರೆ ಹಣ್ಣಿಗೆ ಒಗ್ಗುವುದಿಲ್ಲ.

ಹಿಂದಿನ ಬಾಗಿಲ ಬಳಿ, ತಾಪಮಾನವನ್ನು ದಾರಿಯುದ್ದಕ್ಕೂ ದಾಖಲಿಸುವ ಒಂದು ಡೇಟಾ ಲಾಗರ್ ಇಡಿಸಿ. ಡೀಸೆಲ್ ಉಳಿಸಲೆಂದು ಢಾಬಾದಲ್ಲಿ ಮಷಿನ್ ಆರಿಸುವ ಚಾಲಕರಿದ್ದಾರೆ. ನನ್ನ ಗಾಡಿಯಲ್ಲಿ ಅದು ಗೊತ್ತಾದದ್ದು ಲಾಗರಿನ ಗೆರೆ ರಾತ್ರಿ ಒಂದರಿಂದ ಮೂರರವರೆಗೆ ಮೇಲೇರಿದ್ದನ್ನು ಕಂಡಾಗ. ತುಂಬುವ ಮೊದಲು ಖಾಲಿ ಪೆಟ್ಟಿಗೆಯನ್ನು ತಂಪು ಮಾಡಿಕೊಳ್ಳಿ, ಬಾಗಿಲು ತೆರೆದಾಗ ಮಾತ್ರ ಮಷಿನ್ ನಿಲ್ಲಿಸಿ, ಇಲ್ಲವಾದರೆ ಹೊರಗಿನ ಗಾಳಿಯ ತೇವವೆಲ್ಲ ಮಷಿನಿನ ತಂಪು ಕೊಡುವ ಕಾಯಿಲ್ ಮೇಲೆ ಮಂಜಾಗಿ ಕೂರುತ್ತದೆ. ತುಂಬುವಾಗ ನಾಲ್ಕಾರು ಬಾಕ್ಸುಗಳಲ್ಲಿ ಸೂಜಿ ಥರ್ಮಾಮೀಟರನ್ನು ಮಣಿಗೇ ಚುಚ್ಚಿ ನೋಡಿ ಬರೆದಿಟ್ಟುಕೊಂಡರೆ, ಮಾರುಕಟ್ಟೆಯಲ್ಲಿ ತಕರಾರು ಬಂದಾಗ ತೋರಿಸಲು ನಿಮ್ಮ ಕೈಯಲ್ಲಿ ಏನಾದರೂ ಇರುತ್ತದೆ.

ರೀಫರ್ ಗಾಡಿಗೆ ತೋಟಗಾರಿಕೆ ಯೋಜನೆಯಲ್ಲಿ ಬ್ಯಾಂಕ್ ಸಾಲಕ್ಕೆ ಜೋಡಿಸಿದ ಸಹಾಯಧನವಿದೆ. ಹಳೆಯ ಚಾಸಿಗೆ ಅದು ಅನ್ವಯಿಸುತ್ತದೆಯೇ ಎಂಬುದನ್ನು ಬಾಗಲಕೋಟೆಯ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿ ತಿಳಿದುಕೊಂಡ ನಂತರವೇ ಪೆಟ್ಟಿಗೆ ಕಟ್ಟುವವರಿಗೆ ಮುಂಗಡ ಕೊಡಿ.