ಪೊಟರೆ ಇರುವ ಮರ ಕಡಿಯಬಹುದೇ? ಹಕ್ಕಿಗಳ ಬಗ್ಗೆ ಓದುಗರ ಪ್ರಶ್ನೆ, ನಮ್ಮ ಉತ್ತರ

ಶಿರಸಿಯ ಬೆಟ್ಟದಿಂದ ಕಾರವಾರದ ಕಡಲತೀರದವರೆಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಐದನ್ನು ಈ ಸಲ ಆರಿಸಿಕೊಂಡಿದ್ದೇನೆ. ಎಲ್ಲರೂ ಕೇಳಿದ್ದು ಹಕ್ಕಿಯ ಬಗ್ಗೆ. ಆದರೆ ಹೆಚ್ಚಿನ ಪ್ರಶ್ನೆಗಳು ಕೊನೆಗೆ ಒಂದು ಮರದ ಹತ್ತಿರವೋ ಒಂದು ಗದ್ದೆಯ ಹತ್ತಿರವೋ ಬಂದು ನಿಲ್ಲುತ್ತವೆ. ಹಾಗಾಗಿ ಉತ್ತರಗಳೂ ಅಲ್ಲಿಂದಲೇ ಶುರುವಾಗುತ್ತವೆ.

ಪ್ರಶ್ನೆ: ನಮ್ಮ ಸೊಪ್ಪಿನ ಬೆಟ್ಟದಲ್ಲಿ ಹಳೆಯ ಮರವೊಂದಿದೆ. ಒಂದು ಕಡೆ ಒಣಗಿದೆ, ನಡುವೆ ದೊಡ್ಡ ಪೊಟರೆ. ಎರಡು ವರ್ಷದಿಂದ ಅಲ್ಲಿ ಮಂಗಟ್ಟೆ ಹಕ್ಕಿ ಗೂಡು ಮಾಡುತ್ತಿದೆ. "ಹೇಗೂ ಒಣಗುವ ಮರ, ಬೀಳುವ ಮೊದಲು ಕಡಿಸೋಣ, ಹಕ್ಕಿಗೆ ಬೇಕಾದರೆ ಹಲಗೆಯ ಪೆಟ್ಟಿಗೆ ಕಟ್ಟೋಣ" ಅಂತ ಅಪ್ಪಯ್ಯ ಹೇಳುತ್ತಾರೆ. ಹಾಗೆ ಮಾಡಬಹುದಾ ಮೇಡಂ? (ಅಡಿಕೆ ಬೆಳೆಗಾರ, ಶಿರಸಿ ತಾಲೂಕು)

ದಯವಿಟ್ಟು ಕಡಿಸಬೇಡಿ. ಅಡಿಕೆ ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಈ ಬೆಟ್ಟದಲ್ಲಿ ನಮಗಿರುವುದು ಸೊಪ್ಪು, ದರಕಿನ (ಉದುರಿದ ಒಣ ಎಲೆಯ) ಹಕ್ಕು. ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅದು ಅಪ್ಪಯ್ಯನಿಗೂ ಗೊತ್ತಿರುತ್ತದೆ. ನಾನು ಬೇಡ ಅನ್ನುವುದಕ್ಕೆ ಬೇರೆ ಕಾರಣವೂ ಇದೆ.

ಮಂಗಟ್ಟೆಯ ಕೊಕ್ಕು ನೋಡಿದರೆ ಮರವನ್ನೇ ಸೀಳಿಬಿಡುತ್ತದೆ ಅನ್ನಿಸುತ್ತದೆ, ಅಲ್ವಾ? ಆದರೆ ಮರಕುಟಿಗನ ಹಾಗೆ ಪೊಟರೆ ಕೊರೆಯುವುದು ಅದಕ್ಕೆ ಬರುವುದಿಲ್ಲ. ಗಾಳಿಗೆ ಕೊಂಬೆ ಮುರಿಯಬೇಕು, ಮುರಿದ ಜಾಗದಲ್ಲಿ ಮಳೆನೀರು ಇಳಿಯಬೇಕು, ತಿರುಳು ನಿಧಾನಕ್ಕೆ ಕೊಳೆತು ಒಳಗೆ ಜಾಗವಾಗಬೇಕು. ಅಷ್ಟಾದರೂ ಹೊರಗಿನ ಮರ ಗಟ್ಟಿ ಇರಬೇಕು. ಇದೆಲ್ಲ ದಶಕಗಳ ಕೆಲಸ. ನಾವು ಇವತ್ತು ನೆಟ್ಟ ಗಿಡದಲ್ಲಿ ಅಂಥ ಪೊಟರೆಯನ್ನು ಮೊಮ್ಮಕ್ಕಳ ಕಾಲಕ್ಕಷ್ಟೇ ನೋಡಬಹುದು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ನಾಲ್ಕು ಜಾತಿಯ ಮಂಗಟ್ಟೆಗಳಿವೆ. ದಾಂಡೇಲಿ ಭಾಗದಲ್ಲಿ ಅವುಗಳಿಗಾಗಿಯೇ 2011ರಲ್ಲಿ ಒಂದು ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಯಿತು. ನಿಮ್ಮ ಹಕ್ಕಿ ಬೂದು ಬಣ್ಣದ್ದಾಗಿದ್ದು, ಕೊಕ್ಕಿನ ಮೇಲೆ ಕೋಡಿನಂಥ ಉಬ್ಬು ಇಲ್ಲದಿದ್ದರೆ, ಯಾರೋ ಗಹಗಹಿಸಿ ನಕ್ಕಂತೆ ಕೂಗುತ್ತಿದ್ದರೆ ಅದು ಮಲಬಾರ್ ಬೂದು ಮಂಗಟ್ಟೆ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಅದು ಸಿಗುವುದಿಲ್ಲ.

ಗೂಡಿನ ಕಾಲದಲ್ಲಿ ಹೆಣ್ಣು ಪೊಟರೆಯೊಳಗೆ ಹೋಗಿ, ತನ್ನ ಹಿಕ್ಕೆ ಮತ್ತು ಹಣ್ಣಿನ ಚೂರುಗಳಿಂದ ಬಾಗಿಲು ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸಣ್ಣ ಸೀಳು ಮಾತ್ರ ಉಳಿಯುತ್ತದೆ. ಒಳಗೆ ಕೂತೇ ರೆಕ್ಕೆಯ ಗರಿಗಳನ್ನು ಉದುರಿಸಿ ಹೊಸ ಗರಿ ಬೆಳೆಸಿಕೊಳ್ಳುತ್ತದೆ. ಅಂದರೆ ಆ ದಿನಗಳಲ್ಲಿ ಅದಕ್ಕೆ ಹಾರಲೂ ಆಗುವುದಿಲ್ಲ. ಗಂಡು ಗಂಟಲಲ್ಲಿ ಹಣ್ಣು ತುಂಬಿಕೊಂಡು ಬಂದು ಒಂದೊಂದಾಗಿ ಒಳಗೆ ಕೊಡುತ್ತದೆ. ದೊಡ್ಡ ಮಂಗಟ್ಟೆಯಲ್ಲಿ ಈ ಸಂಸಾರ ಸುಮಾರು ನಾಲ್ಕು ತಿಂಗಳು ನಡೆಯುತ್ತದೆ. ಆ ಗಂಡಿಗೆ ಏನಾದರೂ ಆದರೆ ಒಳಗಿರುವವರ ಕಥೆ ಮುಗಿದಂತೆಯೇ. ಮರದ ಕೆಳಗೆ ಜನ ನಿಂತಿದ್ದರೆ ಗಂಡು ಹಣ್ಣು ಹಿಡಿದುಕೊಂಡು ದೂರದಲ್ಲೇ ಕಾಯುತ್ತದೆ, ಕೆಲವೊಮ್ಮೆ ವಾಪಸ್ ಹೋಗಿಬಿಡುತ್ತದೆ. ಅದಕ್ಕೇ ಹೇಳುವುದು, ಗೂಡಿನ ಫೋಟೊ ತೆಗೆಯಲು ನೆಂಟರನ್ನು ಕರೆದುಕೊಂಡು ಹೋಗಬೇಡಿ. ಜಾಗವನ್ನು ವಾಟ್ಸಾಪ್‌ನಲ್ಲಿ ಹಂಚಲೂಬೇಡಿ. ಜನವರಿಯಿಂದ ಮಳೆ ಹಿಡಿಯುವವರೆಗೆ ಆ ಮರದ ಸುತ್ತ ಸೊಪ್ಪು ಕಡಿಯುವುದನ್ನು ಬಿಟ್ಟರೆ ಸಾಕು.

ಪೆಟ್ಟಿಗೆಯ ವಿಷಯ. ಥಾಯ್ಲೆಂಡ್‌ನಲ್ಲಿ ಮಂಗಟ್ಟೆಗೆ ಕೃತಕ ಗೂಡು ಕಟ್ಟಿ ಯಶಸ್ಸು ಕಂಡಿದ್ದಾರೆ. ಅಲ್ಲಿ ಈ ಕೆಲಸಕ್ಕೆ ಜೀವನವನ್ನೇ ಕೊಟ್ಟ ವಿಜ್ಞಾನಿ ಪಿಲೈ ಪೂನ್‌ಸ್ವಾದ್. ಬೂಡೋ ಬೆಟ್ಟಗಳಲ್ಲಿ ಮೊದಲು ಮರಿ ಕದಿಯುತ್ತಿದ್ದವರನ್ನೇ ಅವರು ಗೂಡಿನ ಕಾವಲುಗಾರರನ್ನಾಗಿ ಮಾಡಿದರು. ಪಟ್ಟಣದ ಜನ ಒಂದೊಂದು ಗೂಡನ್ನು ದತ್ತು ತೆಗೆದುಕೊಂಡು ಕಾವಲಿನ ಖರ್ಚು ಕೊಡುತ್ತಾರೆ. ನಮ್ಮ ಅರುಣಾಚಲದಲ್ಲಿ ಪಕ್ಕೆ ಎಂಬ ಕಾಡು ಪ್ರದೇಶದಲ್ಲೂ 2011ರಿಂದ ಇಂಥದ್ದೇ ಗೂಡು ದತ್ತು ಯೋಜನೆ ಇದೆ. ಆದರೆ ಪೆಟ್ಟಿಗೆ ಬೇಕಾಗುವುದು ಹಳೆಯ ಮರಗಳೆಲ್ಲ ಹೋದ ಮೇಲೆ. ನಿಮ್ಮಲ್ಲಿ ಮರ ಇನ್ನೂ ನಿಂತಿದೆ!

ಮರ ಮನೆಯ ಮೇಲೋ ದಾರಿಯ ಮೇಲೋ ಬೀಳುವ ಹಾಗಿದ್ದರೆ ಮಾತು ಬೇರೆ. ಆಗಲೂ ಅಪಾಯದ ಕೊಂಬೆಯನ್ನಷ್ಟೇ, ಅನುಮತಿ ಪಡೆದು, ಮರಿ ಹಾರಿದ ಮೇಲೆ ತೆಗೆಸಿ.

ಇನ್ನೊಂದು ಮಾತು. ಬೆಟ್ಟದಲ್ಲಿ ಗೋಳಿ, ಬಸರಿ, ಅತ್ತಿ, ಆಲ ಇದ್ದರೆ ಅವನ್ನು ಪೂರ್ತಿ ಬೋಳಿಸಬೇಡಿ. ಅವು ಒಂದೊಂದು ಒಂದೊಂದು ಹೊತ್ತಿಗೆ ಹಣ್ಣು ಬಿಡುತ್ತವೆ. ಬೇರೆ ಹಣ್ಣು ಇಲ್ಲದಾಗ ಮಂಗಟ್ಟೆ, ಕುಟ್ರು ಹಕ್ಕಿ, ಹಸಿರು ಪಾರಿವಾಳಗಳೆಲ್ಲ ಬದುಕುವುದು ಅವುಗಳ ಮೇಲೆ. ನಮ್ಮ ಜಿಲ್ಲೆಯ ಅಡಿಕೆ ಸೀಮೆಯ ಬಗ್ಗೆ 2008ರಲ್ಲಿ ಒಂದು ಅಧ್ಯಯನ ಪ್ರಕಟವಾಗಿತ್ತು. ಕಾಡಿನ ಹಕ್ಕಿಗಳಲ್ಲಿ ಬಹುಪಾಲು, ದೊಡ್ಡ ಮಂಗಟ್ಟೆಯೂ ಸೇರಿ, ತೋಟ ಮತ್ತು ಬೆಟ್ಟಗಳಿರುವ ಈ ನೆಲದಲ್ಲೂ ಬದುಕಿವೆ ಎಂದು ಅದು ತೋರಿಸಿತು. ತೋಟಕ್ಕೆ ಬೆಟ್ಟದ ಸೊಪ್ಪು ಬೇಕು, ಹಾಗಾಗಿ ಬೆಟ್ಟ ಉಳಿದಿದೆ, ಬೆಟ್ಟದ ಜೊತೆ ಹಕ್ಕಿಯೂ ಉಳಿದಿದೆ. ನಿಮ್ಮ ಅಪ್ಪಯ್ಯ, ಅಜ್ಜ ಗೊತ್ತಿಲ್ಲದೆಯೇ ಕಾಪಾಡಿಕೊಂಡು ಬಂದದ್ದು ಅದನ್ನೇ. ಅಪ್ಪಯ್ಯನಿಗೆ ಇದನ್ನು ಓದಿ ಹೇಳಿ.

ಪ್ರಶ್ನೆ: ಅಕ್ಕ, ನಾವು ಅಘನಾಶಿನಿ ಅಳಿವೆಯಲ್ಲಿ ಬಳಚು (ಕೆಸರಿನ ಚಿಪ್ಪುಜೀವಿ) ಆರಿಸಿ ಮಾರುವವರು. ಇದಕ್ಕೆ ರಾಮ್ಸಾರ್ ಹೆಸರು ಬಂದಿದೆ ಅಂತಾರೆ. ಇನ್ನು ಹಕ್ಕಿಗಳ ಸಲುವಾಗಿ ನಮ್ಮನ್ನು ನೀರಿಗೆ ಇಳಿಯಲು ಬಿಡುವುದಿಲ್ಲವಾ? ಕೆಸರು ಬಯಲೆಲ್ಲ ಸುಮ್ನೆ ಬಿದ್ದಿದೆ, ಅಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ನೆಟ್ಟರೆ ಹಕ್ಕಿಗೂ ಒಳ್ಳೆಯದಲ್ಲವಾ? (ಕುಮಟಾ ತಾಲೂಕಿನ ಮಹಿಳೆ)

ಮೊದಲು ನಿಮ್ಮ ಭಯದ ಬಗ್ಗೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ರಾಮ್ಸಾರ್ ಪಟ್ಟಿ ಸೇರಿತು. ರಾಮ್ಸಾರ್ ಇರಾನಿನ ಒಂದು ಊರು. 1971ರಲ್ಲಿ ಜೌಗು ನೆಲಗಳನ್ನು ಉಳಿಸುವ ಒಪ್ಪಂದ ಅಲ್ಲಿ ಆಯಿತು. ಜನರನ್ನು ಹೊರಗೆ ಹಾಕುವುದು ಅದರ ಉದ್ದೇಶವಲ್ಲ. ಕೆಡದಂತೆ ಬಳಸಿಕೊಳ್ಳಿ ಅನ್ನುವುದೇ ಅದರ ಮುಖ್ಯ ಮಾತು. ಕೈಯಲ್ಲಿ ಬಳಚು ಆರಿಸುವುದು, ಸಣ್ಣ ದೋಣಿಯ ಮೀನುಗಾರಿಕೆ, ಗಜನಿಯಲ್ಲಿ (ಉಪ್ಪುನೀರು ನುಗ್ಗುವ ಗದ್ದೆಯಲ್ಲಿ) ಉಪ್ಪು ತಡೆಯುವ ಕಗ್ಗ ಭತ್ತ ಇವೆಲ್ಲ ಅಂಥ ಬಳಕೆಯೇ. ದೊಡ್ಡ ಅಣೆಕಟ್ಟಿಲ್ಲದೆ ಶಿರಸಿಯಿಂದ ತದಡಿಯವರೆಗೆ ಹರಿದು ಬರುವ ನದಿ ಇದು. ಮೇಲಿನಿಂದ ಸಿಹಿನೀರು, ಕೆಳಗಿನಿಂದ ಉಪ್ಪುನೀರು ಬಂದು ಸೇರುವುದರಿಂದಲೇ ನಿಮಗೆ ಬಳಚು ಸಿಗುತ್ತದೆ, ಹಕ್ಕಿಗೆ ಹುಳ ಸಿಗುತ್ತದೆ. ಮರಿ ಬಳಚನ್ನು ಬಿಟ್ಟು ದೊಡ್ಡದನ್ನು ಮಾತ್ರ ಆರಿಸುವುದು ಇಬ್ಬರಿಗೂ ಒಳ್ಳೆಯದು.

ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಹಲವರಿಗೆ ಹಿಡಿಸಲಿಕ್ಕಿಲ್ಲ. ಕಾಂಡ್ಲಾ ತುಂಬ ಒಳ್ಳೆಯ ಗಿಡ. ದಡ ಕೊಚ್ಚದಂತೆ ಹಿಡಿಯುತ್ತದೆ, ಮೀನಿನ ಮರಿಗಳಿಗೆ ತೊಟ್ಟಿಲು. ಮೊದಲು ಕಾಂಡ್ಲಾ ಇದ್ದು ಹೋದ ಕಡೆ ಖಂಡಿತ ನೆಡಿ. ಆದರೆ ಬಯಲಾದ ಕೆಸರು ಅಂದರೆ ಸುಮ್ನೆ ಬಿದ್ದ ಜಾಗ ಅಲ್ಲ. ಇಳಿತದ ಹೊತ್ತಿಗೆ ಅಲ್ಲಿ ಹೋಗಿ ನಿಂತು ನೋಡಿ. ಗೊರವಗಳು, ಮರಳಿನ ಬಣ್ಣದ ಪುಟ್ಟ ಪ್ಲೋವರ್‌ಗಳು, ಕೆಳಕ್ಕೆ ಬಾಗಿದ ಉದ್ದ ಕೊಕ್ಕಿನ ಕರ್ಲ್ಯೂ, ಎಲ್ಲ ಕೆಸರಿಗೆ ಕೊಕ್ಕು ಹಾಕಿ ಹುಳ, ಏಡಿ ಹುಡುಕುತ್ತಿರುತ್ತವೆ. ಇವುಗಳಲ್ಲಿ ಬಹಳಷ್ಟು ಸೈಬೀರಿಯಾ, ಮಧ್ಯ ಏಷ್ಯಾ ಕಡೆಯಿಂದ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಬಂದು ಏಪ್ರಿಲ್‌ವರೆಗೆ ಇರುತ್ತವೆ. ಹದ್ದು, ಚಾಣದಂಥ ಬೇಟೆ ಹಕ್ಕಿ ಬಂದರೆ ದೂರದಿಂದಲೇ ಕಾಣಬೇಕು. ಹಾಗಾಗಿ ಅವುಗಳಿಗೆ ಗಿಡವಿಲ್ಲದ ಬಯಲೇ ಬೇಕು. ಭರತ (ಉಬ್ಬರ) ಬಂದಾಗ ಕೂತು ಸುಧಾರಿಸಿಕೊಳ್ಳಲು ಗಜನಿಯ ಒಡ್ಡು, ಮರಳ ದಿಬ್ಬ ಬೇಕು.

ಕೆಸರು ಹೋದರೆ ಏನಾಗುತ್ತದೆ ಎಂದು ದಕ್ಷಿಣ ಕೊರಿಯಾ ನೋಡಿದೆ. ಸೆಮಾಂಗಮ್ ಎಂಬಲ್ಲಿ 33 ಕಿಲೋಮೀಟರ್ ಉದ್ದದ ಗೋಡೆ ಕಟ್ಟಿ 2006ರಲ್ಲಿ ಅಳಿವೆಯನ್ನು ಮುಚ್ಚಿದರು. ಅದು ಗ್ರೇಟ್ ನಾಟ್ ಎಂಬ ಹಕ್ಕಿಗಳು ಆಸ್ಟ್ರೇಲಿಯಾದಿಂದ ಸೈಬೀರಿಯಾಕ್ಕೆ ಹೋಗುವಾಗ ಇಳಿದು ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದ ಜಾಗ. ಗೋಡೆ ಕಟ್ಟಿದ್ದು ಕೊರಿಯಾದಲ್ಲಿ, ಹಕ್ಕಿ ಕಡಿಮೆಯಾದದ್ದು ಆಸ್ಟ್ರೇಲಿಯಾದ ದಡದಲ್ಲಿ. ಮುಂದೆ 2021ರಲ್ಲಿ ಅದೇ ಕೊರಿಯಾದ ಉಳಿದ ಕೆಸರು ಬಯಲುಗಳಲ್ಲಿ ಕೆಲವು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನೀವು ದಿನವೂ ಕಾಲಿಡುವ ಕೆಸರು ಅಂಥದ್ದೇ.

ಪ್ರಶ್ನೆ: ಜಾತ್ರೆಯಲ್ಲಿ ಒಬ್ಬರು ಗಿಳಿಮರಿ ಮಾರುತ್ತಿದ್ದರು. ಪಾಪ ಅನ್ನಿಸಿ ತಂದೆವು. ಸಾಕಬಹುದಾ? (ಗೃಹಿಣಿ, ಸಿದ್ದಾಪುರ)

ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಮ್ಮ ನಾಡಿನ ಗಿಳಿಯನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿ ಇಡುವುದು ಅಪರಾಧ. ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಫೋನ್ ಮಾಡಿ ಒಪ್ಪಿಸಿ. ನಿಮ್ಮದು ಮರುಕ, ಅದು ನನಗೆ ಅರ್ಥವಾಗುತ್ತದೆ. ಆದರೆ ನೀವು ಕೊಟ್ಟ ದುಡ್ಡಿಗೆ ಮಾರುವವನು ಇನ್ನೊಂದು ಮರಿ ತರುತ್ತಾನೆ. ಮರಿ ತೆಗೆಯಲು ಪೊಟರೆಯ ಬಾಯನ್ನು ಕತ್ತಿಯಿಂದ ಅಗಲ ಮಾಡುತ್ತಾರೆ. ಆಮೇಲೆ ಮಳೆ ಒಳಗೆ ಹೊಡೆಯುತ್ತದೆ, ಅಲ್ಲಿ ಗಿಳಿಯೂ ಮೈನಾವೂ ಗೂಬೆಯೂ ಗೂಡು ಮಾಡಲಾಗುವುದಿಲ್ಲ. ಮುಂದಿನ ಸಲ ಕಂಡರೆ ಕೊಳ್ಳಬೇಡಿ, ಅಲ್ಲಿಂದಲೇ ಫೋನ್ ಮಾಡಿ.

ಪ್ರಶ್ನೆ: ಅಕ್ಟೋಬರ್‌ನಲ್ಲಿ ಬೆಳಗ್ಗೆ ನಮ್ಮ ಜಗುಲಿಯಲ್ಲಿ ಹಸಿರು, ನೀಲಿ, ಕೆಂಪು ಬಣ್ಣದ ಮೋಟು ಬಾಲದ ಹಕ್ಕಿ ಬಿದ್ದಿತ್ತು. ನೀರು ಕುಡಿಸಿದೆವು, ಸತ್ತುಹೋಯಿತು. ಏನು ತಪ್ಪಾಯಿತು? (ಶಿಕ್ಷಕ, ಹೊನ್ನಾವರ)

ಅದು ನವರಂಗ. ಹಿಮಾಲಯದ ತಪ್ಪಲಲ್ಲಿ, ಮಧ್ಯ ಭಾರತದ ಕಾಡುಗಳಲ್ಲಿ ಮಳೆಗಾಲದಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ನಮ್ಮ ಕಡೆಗೂ ಶ್ರೀಲಂಕಾಕ್ಕೂ ಬರುತ್ತದೆ. ಹಾರುವುದು ರಾತ್ರಿ. ದೀಪಕ್ಕೆ ಕಣ್ಣು ಕುಕ್ಕಿ, ಗಾಜಿಗೆ ಬಡಿದು, ಇಲ್ಲವೇ ಸುಸ್ತಾಗಿ ಅಂಗಳದಲ್ಲಿ ಬೀಳುತ್ತದೆ.

ಹಕ್ಕಿಯ ಬಾಯಿಗೆ ನೀರು ಬಿಟ್ಟರೆ ಅದು ಶ್ವಾಸನಾಳಕ್ಕೆ ಹೋಗಬಹುದು. ನನ್ನ ಕೈಯಲ್ಲೂ ಒಂದು ನವರಂಗ ಹಾಗೆ ಹೋಗಿದೆ, ಬಹಳ ವರ್ಷ ಹಿಂದೆ. ಅದರ ಬಿಸಿ ಮೈ ಇನ್ನೂ ನೆನಪಿದೆ. ನಿಮಗೂ ಗೊತ್ತಿರಲಿಲ್ಲ, ನೊಂದುಕೊಳ್ಳಬೇಡಿ. ಮುಂದೆ ಹೀಗೆ ಮಾಡಿ. ಮೆತ್ತನೆಯ ಬಟ್ಟೆಯಲ್ಲಿ ಎತ್ತಿ, ಗಾಳಿಗೆ ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಇಡಿ. ಮುಚ್ಚಳ ಹಾಕಿ ಕತ್ತಲಲ್ಲಿ, ಸದ್ದಿಲ್ಲದ ಕಡೆ ಒಂದೆರಡು ಗಂಟೆ ಬಿಡಿ. ಊಟ ಬೇಡ, ನೀರು ಬೇಡ, ಮಕ್ಕಳಿಗೆ ತೋರಿಸಲು ಪದೇ ಪದೇ ತೆರೆಯುವುದೂ ಬೇಡ. ಒಳಗೆ ಓಡಾಡುವ ಸದ್ದು ಕೇಳಿದ ಮೇಲೆ, ಕಾಗೆ ಬೆಕ್ಕು ಇಲ್ಲದ ಪೊದೆಯ ನೆರಳಿನಲ್ಲಿ ಡಬ್ಬ ತೆರೆದು ದೂರ ಬನ್ನಿ. ರೆಕ್ಕೆ ಜೋತಿದ್ದರೆ ಪಶುವೈದ್ಯರ ಹತ್ತಿರ ಒಯ್ಯಿರಿ.

ಶಾಲೆಯಲ್ಲಿ ದೊಡ್ಡ ಗಾಜಿನ ಕಿಟಕಿ ಇದ್ದರೆ ಹೊರಗಡೆಯಿಂದ ಎರಡೆರಡು ಇಂಚಿಗೆ ಒಂದು ಚುಕ್ಕಿ ಇಡಿಸಿ. ಒಂದೇ ಒಂದು ಹದ್ದಿನ ಚಿತ್ರ ಅಂಟಿಸಿದರೆ ಪ್ರಯೋಜನ ಇಲ್ಲ. ಅಕ್ಟೋಬರ್, ನವೆಂಬರ್‌ನಲ್ಲಿ ಅಂಗಳದ ದೀಪವನ್ನು ರಾತ್ರಿ ಆರಿಸಿಬಿಡಿ.

ಪ್ರಶ್ನೆ: ಕಾರವಾರದ ಕಡಲತೀರಕ್ಕೆ ಚಳಿಗಾಲದಲ್ಲಿ ಬರುವ ಕಡಲಕ್ಕಿಗಳಿಗೆ ಜನ ಕುರುಕಲು ತಿಂಡಿ ಎಸೆಯುತ್ತಾರೆ. ಇದು ಸರಿಯಾ? ಮತ್ತೆ, ಇಲ್ಲಿ ನಾವು ಎಷ್ಟು ಕಾಪಾಡಿದರೂ ಬೇರೆ ದೇಶದಲ್ಲಿ ಹೊಡೆದು ತಿಂದರೆ ಏನು ಉಪಯೋಗ? (ಪದವಿ ವಿದ್ಯಾರ್ಥಿನಿ, ಕಾರವಾರ)

ತಿಂಡಿ ಎಸೆಯಬಾರದು. ಉಪ್ಪು, ಎಣ್ಣೆಯ ತಿಂಡಿಯಲ್ಲಿ ಅವುಗಳಿಗೆ ಬೇಕಾದ ಸತ್ವ ಇಲ್ಲ. ಅಲ್ಲಿ ಕಾಣುವ ಕಂದು ತಲೆಯ ಕಡಲಕ್ಕಿ ಮರಿ ಮಾಡುವುದು ಟಿಬೆಟ್, ಮಧ್ಯ ಏಷ್ಯಾದ ಎತ್ತರದ ಸರೋವರಗಳ ಹತ್ತಿರ. ವಾಪಸ್ ಹೋಗುವ ಮೊದಲು ಅದು ಮೀನು ತಿಂದು ಮೈ ತುಂಬಿಕೊಳ್ಳಬೇಕು. ಕೂತ ಹಿಂಡಿನ ಮೇಲೆ ಮಕ್ಕಳನ್ನು ಓಡಿಸಿ ವಿಡಿಯೊ ಮಾಡುವುದನ್ನೂ ನಿಲ್ಲಿಸಿ. ಪ್ರತಿ ಸಲ ಎದ್ದು ಹಾರಿದಾಗಲೂ ಅವುಗಳ ಶಕ್ತಿ ಸುಮ್ನೆ ಪೋಲಾಗುತ್ತದೆ.

ನಿಮ್ಮ ಎರಡನೆಯ ಪ್ರಶ್ನೆಗೆ ನಾಗಾಲ್ಯಾಂಡಿನ ಒಂದು ಊರು ಉತ್ತರ ಕೊಟ್ಟಿದೆ. ವೋಖಾ ಜಿಲ್ಲೆಯ ದೊಯಾಂಗ್ ಜಲಾಶಯದ ಹತ್ತಿರ ಪಾಂಗ್ತಿ ಅಂತ ಹಳ್ಳಿ. ಪ್ರತಿ ವರ್ಷ ಅಕ್ಟೋಬರ್, ನವೆಂಬರ್‌ನಲ್ಲಿ ಅಲ್ಲಿಗೆ ಅಮುರ್ ಚಾಣಗಳು ಲಕ್ಷಗಟ್ಟಲೆ ಬಂದಿಳಿಯುತ್ತವೆ. 2012ರಲ್ಲಿ ಜನ ಬಲೆ ಕಟ್ಟಿ ಸಾವಿರ ಸಾವಿರ ಹಿಡಿದು ಮಾರುತ್ತಿದ್ದ ಚಿತ್ರಗಳು ಜಗತ್ತಿಗೆಲ್ಲ ಗೊತ್ತಾದವು. ಮರುವರ್ಷವೇ ಊರಿನವರು, ಚರ್ಚು, ಅರಣ್ಯ ಇಲಾಖೆ, ಸಂಘಟನೆಗಳು ಕೂತು ಮಾತಾಡಿದವು. 2013ರಲ್ಲಿ ಬಲೆ ಏಳಲಿಲ್ಲ. ಆ ನವೆಂಬರ್‌ನಲ್ಲಿ ಮೂರು ಚಾಣಗಳಿಗೆ ಉಪಗ್ರಹ ಟ್ಯಾಗ್ ಕಟ್ಟಿ ಅವಕ್ಕೆ ನಾಗಾ, ಪಾಂಗ್ತಿ, ವೋಖಾ ಎಂದೇ ಹೆಸರಿಟ್ಟರು. ಅಮುರ್ ಚಾಣಗಳು ಭಾರತವನ್ನು ದಾಟಿ, ಅರಬ್ಬಿ ಸಮುದ್ರವನ್ನು ಎಲ್ಲೂ ಇಳಿಯದೆ ದಾಟಿ, ಆಫ್ರಿಕಾ ಸೇರುತ್ತವೆ. ಕಾರವಾರದ ದಂಡೆಯಲ್ಲಿ ನಿಂತರೆ ಎದುರಿಗೆ ಕಾಣುವುದು ಅದೇ ಸಮುದ್ರ. ಪಾಂಗ್ತಿಯ ಜನ "ಆಫ್ರಿಕಾದಲ್ಲಿ ಯಾರಾದರೂ ಹೊಡೆದರೆ?" ಎಂದು ಕಾಯಲಿಲ್ಲ.

ನೀವು ಮಾಡಬಹುದಾದ ಒಂದು ಕೆಲಸ ಎಣಿಕೆ. 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ 942 ಜಾತಿಗಳನ್ನು ಪರಿಶೀಲಿಸಿ, 178 ಜಾತಿಗಳ ಕಡೆ ತುರ್ತಾಗಿ ಗಮನ ಕೊಡಬೇಕು ಎಂದಿತು. ಅದಕ್ಕೆ ಮಾಹಿತಿ ಕೊಟ್ಟವರು ನಿಮ್ಮಂಥ ಸಾವಿರಾರು ಜನ. ಇ-ಬರ್ಡ್ ಆ್ಯಪ್‌ನಲ್ಲಿ ತಾವು ಕಂಡ ಹಕ್ಕಿಗಳ ಪಟ್ಟಿ ಹಾಕಿದವರು. ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿ ಎಣಿಕೆ ನಡೆಯುತ್ತದೆ. ಹದಿನೈದು ನಿಮಿಷ ಒಂದೇ ಕಡೆ ನಿಂತು, ಕಂಡ ಹಕ್ಕಿಗಳನ್ನೆಲ್ಲ ಬರೆದರೆ ಸಾಕು. ಕಾಗೆಯನ್ನು ಬಿಡಬೇಡಿ, ಗುಬ್ಬಿಯನ್ನೂ ಬಿಡಬೇಡಿ. ಕಾಳಿ ನದಿ ಕಡಲು ಸೇರುವ ಕಡೆ, ಇಳಿತದ ಹೊತ್ತಿಗೆ, ಬಿಸಿಲು ಏರುವ ಮೊದಲು ಹೋಗಿ. ಒಬ್ಬ ಗೆಳತಿಯನ್ನು ಜೊತೆಗೆ ಕರೆದುಕೊಳ್ಳಿ, ಒಬ್ಬರು ನೋಡುವಾಗ ಇನ್ನೊಬ್ಬರು ಬರೆಯಬಹುದು.