ವೀರ ಸತ್ತ ಮೇಲಿನ ನಾಟಕ

ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: “ಪ್ರಾಚೀನ ಗ್ರೀಕ್ ನಾಟಕಕಾರ ಸೊಫೋಕ್ಲಿಸನ ‘ಏಜಾಕ್ಸ್’ ಓದಿದೆ. ನಾಯಕ ಕತ್ತಿಯ ಮೇಲೆ ಬಿದ್ದು ಸಾಯುವವರೆಗೆ ಪುಸ್ತಕ ಕೆಳಗಿಡಲಾಗಲಿಲ್ಲ. ಆಮೇಲೆ ಉಳಿದದ್ದು ಹೆಣ ಹೂಳುವ ಜಗಳ. ಕವಿ ಅಲ್ಲಿಗೇ ನಿಲ್ಲಿಸಬಾರದಿತ್ತೇ?”

ಸಂಪಾದಕರ ಉತ್ತರ: ಈ ಆಕ್ಷೇಪ ಹಳೆಯದು. ನಾಟಕವನ್ನು ಎಳೆಯಲು ಹೋಗಿ ಕವಿ ದುರಂತದ ಕಾವು ಆರಿಸಿದನೆಂದು ಪ್ರಾಚೀನ ಗ್ರೀಕ್ ವ್ಯಾಖ್ಯಾನಕಾರನೊಬ್ಬನೇ ಗೊಣಗಿದ್ದಾನೆ. ಹೆಣ ಹೂಳದಂತೆ ತಡೆಯಲು ಬರುವ ಗ್ರೀಕ್ ರಾಜ ಮೆನೆಲಾಸನ ಬೈಗುಳ ತುಸು ಉದ್ದವಾಯಿತು, ಒಪ್ಪೋಣ. ಆದರೆ ತಾವು ಬೇಡವೆಂದ ಆ ಭಾಗಕ್ಕಾಗಿಯೇ ನಾನು ಈ ನಾಟಕವನ್ನು ಮತ್ತೆ ಮತ್ತೆ ಓದುತ್ತೇನೆ.

ಮೂಲದ 1420 ಸಾಲುಗಳಲ್ಲಿ 865ನೆಯದಕ್ಕೇ ಏಜಾಕ್ಸನ ಮಾತು ಮುಗಿಯುತ್ತದೆ. ಇಷ್ಟು ಬೇಗ ನಾಯಕನನ್ನು ಕಳುಹಿಸಿಕೊಟ್ಟ ಕವಿಗೆ ಬೇರೇನೋ ಹೇಳುವುದಿತ್ತು. ಮೊದಲ ದೃಶ್ಯ ನೆನಪಿಸಿಕೊಳ್ಳಿ. ಟ್ರಾಯ್ ಯುದ್ಧದಲ್ಲಿ ಮಡಿದ ಮಹಾವೀರ ಅಕಿಲೀಸನ ಆಯುಧಗಳು ತನಗೆ ಸಿಗದೆ ಇನ್ನೊಬ್ಬ ಗ್ರೀಕ್ ನಾಯಕ ಒಡಿಸ್ಯೂಸನ ಪಾಲಾದವೆಂಬ ಕಿಚ್ಚಿನಲ್ಲಿ ಏಜಾಕ್ಸ್ ಗ್ರೀಕ್ ನಾಯಕರನ್ನೇ ಕೊಲ್ಲಲು ರಾತ್ರಿ ಹೊರಡುತ್ತಾನೆ. ಅಥೀನಾ ದೇವಿ ಅವನ ಬುದ್ಧಿ ಕೆಡಿಸುತ್ತಾಳೆ. ಅವನು ದನ ಕುರಿಗಳನ್ನು ಕಡಿದು ಹಾಕುತ್ತಾನೆ. ವೈರಿಯ ದುರ್ಗತಿ ಕಂಡು ನಗುವುದಕ್ಕಿಂತ ಸವಿಯಾದ ನಗು ಇದೆಯೇ ಎಂದು ದೇವಿ ಕೇಳಿದರೆ ಒಡಿಸ್ಯೂಸ್ ನಗುವುದಿಲ್ಲ. ಅವನ ಪಾಡಿನಲ್ಲಿ ನನ್ನ ಪಾಡೂ ಕಾಣುತ್ತಿದೆ ಎನ್ನುತ್ತಾನೆ.

ಆ ಮರುಕಕ್ಕೆ ಕೆಲಸ ಬರುವುದು ಕೊನೆಯಲ್ಲಿ. ಹೂಳಕೂಡದೆಂದು ಗ್ರೀಕ್ ಸೇನಾಪತಿ ಅಗಮೆಮ್ನಾನ್ ಹಟ ಹಿಡಿದಿದ್ದಾನೆ, ಏಜಾಕ್ಸನ ಮಲತಮ್ಮ ಟ್ಯೂಸರ್ ಹೆಣ ಕಾಯುತ್ತಿದ್ದಾನೆ. ಸತ್ತವನಿಂದ ಪ್ರಾಣಭಯವಿದ್ದ ಒಡಿಸ್ಯೂಸನೇ ಬಂದು, ಅಕಿಲೀಸನ ನಂತರ ಟ್ರಾಯ್‌ಗೆ ಬಂದವರಲ್ಲಿ ಇವನಷ್ಟು ದೊಡ್ಡವನಿರಲಿಲ್ಲ ಎಂದು ವಾದಿಸಿ ಗೆಲ್ಲುತ್ತಾನೆ. ಮುಂದಿನದು ನನಗೆ ಇನ್ನೂ ದೊಡ್ಡದು: ಸಂಸ್ಕಾರಕ್ಕೆ ಕೈಜೋಡಿಸುತ್ತೇನೆ ಎಂದವನನ್ನು ಟ್ಯೂಸರ್ ಕೃತಜ್ಞತೆಯಿಂದಲೇ ತಡೆಯುತ್ತಾನೆ, ಸತ್ತವನಿಗೆ ಅದು ಸಹ್ಯವಾಗದೇನೋ ಎಂದು. ಒಡಿಸ್ಯೂಸ್ ಮರುಮಾತಿಲ್ಲದೆ ಹೊರಟುಹೋಗುತ್ತಾನೆ. ಹೋಮರನ ‘ಒಡಿಸ್ಸಿ’ ಮಹಾಕಾವ್ಯದಲ್ಲಂತೂ ಪಾತಾಳದಲ್ಲಿ ಅವನು ಸಂಧಾನಕ್ಕೆ ಕರೆದರೂ ಏಜಾಕ್ಸ್ ಉತ್ತರಿಸುವುದಿಲ್ಲ. ಕ್ಷಮೆ ಸಿಗದಿದ್ದರೂ ಗೌರವ ಸಲ್ಲಿಸಿದವನ ಘನತೆ ಇದು.

ರಾಮಾಯಣ ಬಲ್ಲ ನಮಗೆ ಇದು ಪರಕೀಯವೇ? ರಾವಣನ ಸಂಸ್ಕಾರಕ್ಕೆ ವಿಭೀಷಣ ಹಿಂಜರಿದಾಗ ರಾಮ ಹೇಳಿದ್ದು “ಮರಣಾಂತಾನಿ ವೈರಾಣಿ” ಎಂದಲ್ಲವೇ? ಬಿ.ಎಂ.ಶ್ರೀ ಅವರು 1929ರಲ್ಲಿ ಇದೇ ನಾಟಕವನ್ನು ‘ಅಶ್ವತ್ಥಾಮನ್’ ಆಗಿ ಕನ್ನಡಕ್ಕೆ ತಂದರು. ಚಿರಂಜೀವಿಯಾದ ಅಶ್ವತ್ಥಾಮನನ್ನು ಸಾಯಿಸಿದ್ದು ಸರಿಯೇ ಎಂಬ ಚರ್ಚೆಯಲ್ಲೇ ನಮ್ಮವರು ದಣಿದರು. ಸತ್ತವನನ್ನು ಹೇಗೆ ನಡೆಸಿಕೊಳ್ಳಬೇಕೆಂಬ ಪ್ರಶ್ನೆ ಮೂಲೆಗೆ ಬಿತ್ತು.

ಇಂದೂ ಅದೇ ಕಥೆ. ತರಗತಿಗಳಲ್ಲಿ ನಾಯಕನ ದೋಷ ಯಾವುದೆಂದು ಹುಡುಕಿ, ಐದು ಅಂಕದ ಉತ್ತರ ಬರೆಸಿ ಮುಗಿಸುತ್ತಾರೆ. ಹೊರಗೆ ಸಾರ್ವಜನಿಕ ಜೀವನದಲ್ಲಿದ್ದವರೊಬ್ಬರು ತೀರಿಕೊಂಡರೆ ಚಿತೆಗೆ ಬೆಂಕಿ ಇಡುವ ಮೊದಲೇ ಮೊಬೈಲುಗಳಲ್ಲಿ ಹಂಗಿಸುವ ಮಾತು ಹರಿದಾಡುತ್ತವೆ. ಭಿನ್ನಾಭಿಪ್ರಾಯ ಇರಲಿ, ಕಟುವಾಗಿಯೇ ಇರಲಿ. ಹೆಣದ ಮುಂದೆ ಗಹಗಹಿಸುವುದನ್ನು ವಿಮರ್ಶೆ ಎಂದು ನಾನು ಕರೆಯಲಾರೆ. ಈ ಪತ್ರಿಕೆಯಲ್ಲಿ ಅಂಥದ್ದನ್ನು ಅಚ್ಚು ಹಾಕುವುದೂ ಇಲ್ಲ.

ತಾವು ಮನಸ್ಸಿಟ್ಟು ಓದುವವರೆಂದು ಪತ್ರವೇ ಹೇಳುತ್ತದೆ. ಆದ್ದರಿಂದ ಸಲಿಗೆಯಿಂದ ಕೇಳುತ್ತೇನೆ: ಒಡಿಸ್ಯೂಸ್ ಮತ್ತೆ ರಂಗಕ್ಕೆ ಬರುವಲ್ಲಿಂದ ಇನ್ನೊಮ್ಮೆ ಗಟ್ಟಿಯಾಗಿ ಓದಿ, ಜೊತೆಗೆ ‘ಅಶ್ವತ್ಥಾಮನ್’ ಇಟ್ಟುಕೊಳ್ಳಿ. ನಿಮ್ಮೂರಿನ ಯಾವುದಾದರೂ ತಂಡ ಇದನ್ನು ಕೊನೆಯವರೆಗೂ ಕತ್ತರಿಸದೆ ಆಡುವುದಾದರೆ ತಿಳಿಸಿ, ನೋಡಲು ನಾನೇ ಬರುತ್ತೇನೆ.