ಸಂಪಾದಕರ ಉತ್ತರ: ನಿಮ್ಮ ಪಟ್ಟಿಯಲ್ಲಿ ಓರಗಿತ್ತಿಗೂ ಜಾಗವಿರಲಿ

(ಓದುಗರೊಬ್ಬರ ಪತ್ರದ ಸಾರ: ಪ್ರತಿ ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿಸಿ ಬಂದು, ಸತ್ಯವೇದದ ಕೊನೆಯ ಖಾಲಿ ಪುಟದಲ್ಲಿ ಹೊಸ ವರ್ಷದ ತೀರ್ಮಾನಗಳನ್ನು ಬರೆಯುತ್ತೇನೆ. ಬೆಳಿಗ್ಗೆ ಐದಕ್ಕೆ ಎದ್ದು ಪ್ರಾರ್ಥನೆ, ವರ್ಷದೊಳಗೆ ಇಡೀ ಸತ್ಯವೇದದ ಓದು, ಶುಕ್ರವಾರ ಉಪವಾಸ. ಫೆಬ್ರವರಿ ಹೊತ್ತಿಗೆ ಮೂರನೆಯ ಪುಸ್ತಕವಾದ ಯಾಜಕಕಾಂಡದಲ್ಲಿ ಎಲ್ಲವೂ ನಿಂತುಹೋಗುತ್ತದೆ. ದೇವರಿಗೆ ಮಾತು ಕೊಟ್ಟು ತಪ್ಪುವುದಕ್ಕಿಂತ ಸುಮ್ಮನಿರುವುದೇ ಮೇಲಲ್ಲವೇ? ಅತ್ತೆಯವರ ಸರದ ವಿಷಯಕ್ಕೆ ಓರಗಿತ್ತಿಯೊಂದಿಗೆ ಎರಡು ವರ್ಷದಿಂದ ಮಾತಿಲ್ಲ. ಆ ಬೇಸರಕ್ಕೋ ಏನೋ, ಪ್ರಾರ್ಥನೆಯಲ್ಲೂ ಮನಸ್ಸು ನಿಲ್ಲುವುದಿಲ್ಲ.)

ಕ್ರಿಸ್ತನಲ್ಲಿ ಪ್ರಿಯ ಸಹೋದರಿಯವರೇ,

ಹರಕೆ ಕಟ್ಟಿ ತೀರಿಸದಿರುವುದಕ್ಕಿಂತ ಕಟ್ಟದಿರುವುದೇ ಲೇಸು ಎಂಬ, ಸತ್ಯವೇದದ ಪ್ರಸಂಗಿ ಗ್ರಂಥದ ಮಾತು ನಿಮ್ಮನ್ನು ಹೆದರಿಸಿದೆ ಎಂದು ಕಾಣುತ್ತದೆ. ಅದು ದೇವರ ಸನ್ನಿಧಿಯಲ್ಲಿ ದುಡುಕಿ ಮಾತಾಡುವವರಿಗೆ ಕೊಟ್ಟ ಎಚ್ಚರಿಕೆ. ಐದಕ್ಕೆ ಏಳಲಾಗಲಿಲ್ಲವೆಂದು ಕೊರಗುವವರಿಗೆ ಹಾಕಿದ ಶಾಪವಲ್ಲ. ಸಾಯಬೇಕಾಗಿ ಬಂದರೂ ನಿನ್ನನ್ನು ಅರಿಯೆನೆನ್ನುವುದಿಲ್ಲ ಎಂದು ಕರ್ತನಾದ ಯೇಸುವಿಗೆ ಹೇಳಿದ ಶಿಷ್ಯ ಪೇತ್ರನು ಕೋಳಿ ಕೂಗುವುದರೊಳಗೆ ಮೂರು ಸಲ ತಪ್ಪಿದನು. ಅದೇ ಪೇತ್ರನಿಗೆ ಕರ್ತನು ಸಮುದ್ರದ ದಡದಲ್ಲಿ ರೊಟ್ಟಿ, ಮೀನು ಕೊಟ್ಟು, ತನ್ನ ಕುರಿಗಳನ್ನು ಒಪ್ಪಿಸಿದನು. ಆದ್ದರಿಂದ ಭಯ ಬಿಡಿ. ತೀರ್ಮಾನಗಳನ್ನು ಬಿಡಬೇಡಿ.

ಓದಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಸತ್ಯವೇದದಲ್ಲಿ 1189 ಅಧ್ಯಾಯಗಳಿವೆ; ವರ್ಷದಲ್ಲಿ ಮುಗಿಸಲು ದಿನಕ್ಕೆ ಮೂರಕ್ಕಿಂತ ಹೆಚ್ಚು ಓದಬೇಕು. ಆದಿಕಾಂಡದ 50, ವಿಮೋಚನಕಾಂಡದ 40 ದಾಟಿದರೆ ಜನವರಿ ಕೊನೆಗೆ ಯಾಜಕಕಾಂಡ. ಅಲ್ಲಿ ಬಲಿಗಳ, ಕುಷ್ಠದ ವಿಧಿಗಳ ನಡುವೆ ಸೋತು ನಿಂತವರು ನೀವೊಬ್ಬರೇ ಅಲ್ಲ. ವರ್ಷದ ಗಡುವನ್ನು ಬಿಟ್ಟುಬಿಡಿ, ದಿನಕ್ಕೆ ಒಂದು ಅಧ್ಯಾಯ ಸಾಕು. ಆದರೆ ಯಾಜಕಕಾಂಡವನ್ನು ಮಾತ್ರ ಹಾರಿಸಬೇಡಿ. ಅದರ 19ನೆಯ ಅಧ್ಯಾಯದ 17, 18ನೆಯ ವಚನಗಳನ್ನು ತೆರೆದು ನೋಡಿ: ಸಹೋದರನನ್ನು ಮನಸ್ಸಿನಲ್ಲಿ ದ್ವೇಷಿಸಬೇಡ, ಸ್ವಜನರ ಮೇಲೆ ಸೇಡು ಇಟ್ಟುಕೊಳ್ಳಬೇಡ, ನೆರೆಯವನನ್ನು ನಿನ್ನಂತೆಯೇ ಪ್ರೀತಿಸು. ಯೇಸು ಎರಡನೆಯ ದೊಡ್ಡ ಆಜ್ಞೆಯೆಂದು ಎತ್ತಿ ಹೇಳಿದ್ದು ಇಲ್ಲಿನ ಮಾತನ್ನೇ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಹೋಗಿ ನಿಂತದ್ದು ಕೊನೆಯ ಸಾಲಿನ ಮೇಲೆ. ಪ್ರಾರ್ಥನೆ, ಓದು, ಉಪವಾಸ ಎಲ್ಲವೂ ಒಳ್ಳೆಯವೇ. ಆದರೆ ಆ ಪಟ್ಟಿಯಲ್ಲಿ ನಿಮ್ಮ ಹೊರತು ಇನ್ನೊಬ್ಬ ಮನುಷ್ಯರಿಲ್ಲ.

ಇದು ದೊಡ್ಡವರಿಗೂ ಆಗಿದೆ. ಅಮೆರಿಕದ ಬೋಧಕ ಜೊನಾಥನ್ ಎಡ್ವರ್ಡ್ಸ್ 1722–23ರಲ್ಲಿ, ಇಪ್ಪತ್ತು ತುಂಬುವ ಮೊದಲೇ, 70 ತೀರ್ಮಾನಗಳನ್ನು ಬರೆದಿಟ್ಟುಕೊಂಡರು. ದೇವರ ಸಹಾಯವಿಲ್ಲದೆ ತನ್ನಿಂದ ಏನೂ ಆಗದೆಂದು ಮೊದಲೇ ಒಪ್ಪಿಕೊಂಡು, ವಾರಕ್ಕೊಮ್ಮೆ ಅವನ್ನು ಓದಬೇಕೆಂದೂ ಗೊತ್ತುಮಾಡಿಕೊಂಡರು. 1723ರ ಜನವರಿಯ ದಿನಚರಿಯಲ್ಲಿ, ಕೆಲವೇ ದಿನಗಳಲ್ಲಿ ತನ್ನ ಉತ್ಸಾಹ ಇಳಿದುಹೋಯಿತೆಂದು ಅವರೂ ಗೋಳಾಡಿದ್ದಾರೆ. ಇದು ನಿಮಗೆ ಸಮಾಧಾನ ಕೊಡಲಿ. ಆದರೆ 1731ರಲ್ಲಿ ಅವರು ಸುಮಾರು 14 ವರ್ಷದ ಕಪ್ಪು ಹುಡುಗಿಯೊಬ್ಬಳನ್ನು ಗುಲಾಮಳಾಗಿ ಹಣ ಕೊಟ್ಟು ಕೊಂಡುಕೊಂಡರು. ಪರೋಪಕಾರದ ಮಾತು ಆ 70ರಲ್ಲಿ ಇಲ್ಲದಿರಲಿಲ್ಲ. ಹಾಗಿದ್ದೂ ಮನೆಯೊಳಗೇ ಇದ್ದ ಆ ಹುಡುಗಿ ಅವರಿಗೆ ನೆರೆಯವಳಾಗಿ ಕಾಣಲಿಲ್ಲ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ. ನಾನು ಗೌರವಿಸುವ ಬೋಧಕರು ಅವರು.

ಯೇಸುವನ್ನು ಮನೆಗೆ ಬರಮಾಡಿಕೊಂಡ ಸುಂಕದವನಾದ ಜಕ್ಕಾಯನನ್ನು ನೋಡಿ. ಇನ್ನು ಮೇಲೆ ಭಕ್ತನಾಗಿರುತ್ತೇನೆ ಎಂದು ಅವನು ಹೇಳಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ಸು ಎಂದನು. ಯಾರಿಗೆ, ಎಷ್ಟು ಎಂಬುದು ಖಚಿತವಾಗಿತ್ತು. ಈ ಮನೆಗೆ ಈಹೊತ್ತು ರಕ್ಷಣೆಯಾಯಿತು ಎಂದು ಯೇಸು ಹೇಳಿದ್ದು ಆ ಮಾತು ಕೇಳಿದ ಮೇಲೆ.

ನೀವು ದಕ್ಷಿಣ ಭಾರತ ಸಭೆಯವರೆಂದು ಬರೆದಿದ್ದೀರಿ. ಕರ್ತನ ಭೋಜನದ ಆರಾಧನೆಯಲ್ಲಿ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಕ್ರಮ ನಿಮಗೆ ಗೊತ್ತೇ ಇದೆ. ಪಕ್ಕದವರ ಜೋಡಿಸಿದ ಕೈಗಳನ್ನು ನಮ್ಮ ಎರಡು ಅಂಗೈಗಳ ನಡುವೆ ಹಿಡಿದು, ಅದನ್ನೇ ಬೆಂಚಿನ ಮುಂದಿನವರಿಗೆ ಕೊಡುತ್ತೇವೆ. ಅದು ರೊಟ್ಟಿ ಮುರಿಯುವುದಕ್ಕೆ ಮೊದಲೇ ಬರುತ್ತದೆ, ಏಕೆಂದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಹೋಗಿ ಸಹೋದರನೊಂದಿಗೆ ಒಂದಾಗು ಎಂದವನು ಕರ್ತನೇ. ಓರಗಿತ್ತಿ ಅದೇ ಸಭೆಯವರಾಗಿದ್ದರೆ, ಆ ಹೊತ್ತಿಗೆ ನೀವು ಯಾವ ಬೆಂಚಿನಲ್ಲಿ ಕೂರುತ್ತೀರಿ?

ಸರ ಈಗ ಯಾರ ಬಳಿ ಇದೆಯೆಂದು ನೀವು ಬರೆದಿಲ್ಲ. ತಪ್ಪು ಯಾರದೆಂದು ಇಲ್ಲಿ ಕುಳಿತು ನಾನು ತೀರ್ಪು ಹೇಳಲಾರೆ. ನಿಮ್ಮ ಬಳಿಯೇ ಇದ್ದು, ಅದರಲ್ಲಿ ಅವರ ಪಾಲೂ ಇದ್ದರೆ, ಏನು ಮಾಡಬೇಕೆಂದು ಜಕ್ಕಾಯನು ಹೇಳಿದ್ದಾನೆ. ಅವರ ಬಳಿ ಇದ್ದರೆ ನಿಮ್ಮ ಕೆಲಸ ಇನ್ನೂ ಕಷ್ಟ: ಸರದ ಮಾತೆತ್ತದೆ ಹೋಗಬೇಕು. ಫೋನಿನಲ್ಲಿ ಬೇಡ, ಮನೆಗೇ ಹೋಗಿ. ಯಜಮಾನರಿಗೆ ಮೊದಲೇ ತಿಳಿಸಿ. ಹೋದ ಮೇಲೆ ಹಳೆಯ ಲೆಕ್ಕ ತೆಗೆಯದೆ, ಮಾತು ಬಿಟ್ಟದ್ದಕ್ಕೆ ನಿಮ್ಮ ಪಾಲಿನ ತಪ್ಪನ್ನಷ್ಟೇ ಹೇಳಿ. ಅವರು ಬಾಗಿಲಲ್ಲೇ ಮುಖ ತಿರುಗಿಸಬಹುದು. ಸಾಧ್ಯವಾದರೆ ನಿಮ್ಮಿಂದಾಗುವ ಮಟ್ಟಿಗೆ ಸಮಾಧಾನದಿಂದಿರಿ ಎಂದು ಪೌಲನು ರೋಮಾಪುರದವರಿಗೆ ಬರೆದಿದ್ದಾನೆ. ಅವರ ಕೈಯಲ್ಲಿರುವುದಕ್ಕೆ ನೀವು ಹೊಣೆಯಲ್ಲ. ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಇನ್ನೊಮ್ಮೆ ಹೋಗಿ.

ಇದಕ್ಕಾಗಿ ಮುಂದಿನ ಡಿಸೆಂಬರ್ 31ರವರೆಗೆ ಕಾಯಬೇಕಾಗಿಲ್ಲ. ಐದರ ಅಲಾರಾಂ ಈಗ ಆರಕ್ಕೇ ಇರಲಿ. ಅಡುಗೆ, ಮಕ್ಕಳ ಡಬ್ಬಿ ಇರುವ ಮನೆಯಲ್ಲಿ ಹತ್ತು ನಿಮಿಷ ಪ್ರಾರ್ಥಿಸಿದರೂ ದೇವರು ಕೇಳುತ್ತಾನೆ. ಆ ಹತ್ತು ನಿಮಿಷದಲ್ಲಿ ಓರಗಿತ್ತಿಯ ಹೆಸರು ಹಿಡಿದು, ಅವರ ಮಕ್ಕಳ ಹೆಸರನ್ನೂ ಹಿಡಿದು ಪ್ರಾರ್ಥಿಸಿ. ಈ ವಾರದಿಂದಲೇ ನಾನೂ ನಿಮ್ಮಿಬ್ಬರಿಗಾಗಿ ಪ್ರಾರ್ಥಿಸುತ್ತೇನೆ.

ನಿಮ್ಮ ಸಹೋದರ,
ಸಂಪಾದಕ